ಅಪ್‌ಡೇಟ್: ಬೇಲೂರಿನಲ್ಲಿ ಗಂಟಲಲ್ಲೇ ಉಳಿದಿದ್ದ ಮಾತು

ಹೋದ ತಿಂಗಳು ಕೇಳಿದ್ದೆ: ಒಂಬತ್ತನೆಯ ವಯಸ್ಸಿನಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ನನ್ನ ಅಚ್ಚುಮೆಚ್ಚಿನ ಧಾರಾವಾಹಿ ನಟರು ಎದುರಾದಾಗ ಮಾತು ಹೊರಡದೆ ಅಮ್ಮನ ಸೆರಗಿನ ಹಿಂದೆ ಅವಿತುಕೊಂಡಿದ್ದೆ, ಈಗ ಅವರಿಗೆ ಪತ್ರ ಬರೆಯಬಹುದೇ ಎಂದು. ಬರೆಯಿರಿ ಎಂದವರಿಗೆಲ್ಲ ಕೃತಜ್ಞತೆಗಳು. ಬರೆದೆ.

ಉತ್ತರ ಬರಲಿಲ್ಲ, ಅವರೇ ಸಿಕ್ಕರು! ಹಾಸನದಲ್ಲಿ ಅವರ ನಾಟಕವಿತ್ತು. ಮುಗಿದ ಮೇಲೆ ಸಾಲಿನಲ್ಲಿ ನಿಂತೆ. ಹತ್ತಿರ ಹೋದಂತೆ ಗಂಟಲು ಮತ್ತೆ ಕಟ್ಟಿತು. “ಸರ್, ಬೇಲೂರು... ಕಂಬದ ಹತ್ತಿರ...” ಎಂದು ತೊದಲಿದೆ. ತನ್ನ ಭಾರದ ಮೇಲೆಯೇ ನಿಂತಿರುವ, ಅಂಗಳದ ಆ 42 ಅಡಿಯ ಕಂಬ. ಅದರ ಬುಡದಲ್ಲಿ ಮಾರ್ಗದರ್ಶಕರು ಕಾಗದ ತೂರಿಸಿ ತೋರಿಸುವುದನ್ನು ಅಂದು ಅವರೂ ನಮ್ಮ ಪಕ್ಕದಲ್ಲೇ ನಿಂತು ನೋಡಿದ್ದರು.

“ನೆನಪಿಲ್ಲಮ್ಮ, ಸುಳ್ಳು ಹೇಳಲಾರೆ. ನೀನೇ ಹೇಳು, ಕೇಳುತ್ತೇನೆ” ಎಂದರು.

ಆ ಪ್ರಾಮಾಣಿಕತೆಗೆ ನನ್ನ ಅಂಜಿಕೆ ಕರಗಿತು. ದೀಪ ಹಚ್ಚಿ, ಬೇಗ ಬೇಗ ಅಡುಗೆ ಮುಗಿಸಿ ಅಜ್ಜಿ ಅವರ ಧಾರಾವಾಹಿಗೆ ಕಾಯುತ್ತಿದ್ದುದು, ಅದರಲ್ಲಿ ಅವರು ಜೈಲಿಗೆ ಹೋದ ರಾತ್ರಿ ಊಟ ಬಿಟ್ಟಿದ್ದು, ಎಲ್ಲವನ್ನೂ ಹೇಳಿದೆ. ಸಂಘಟಕರು ಅವಸರಪಡಿಸಿದರೂ ಅವರು ಕದಲಲಿಲ್ಲ. “ಅಜ್ಜಿ ಇದ್ದಾರೆಯೇ?” ಎಂದರು. ತಕ್ಷಣ ಮನೆಗೆ ಕರೆ ಮಾಡಿ ಮೊಬೈಲನ್ನು ಅವರ ಕೈಗೆ ಕೊಟ್ಟೆ.

“ಊಟ ಆಯಿತೇನಪ್ಪಾ?” ಎಂದು ಅಜ್ಜಿ ಕೇಳಿದ್ದು ನನಗೂ ಕೇಳಿಸಿತು.