ಟೆಕ್ಸ್ಚರ್ ಹಾಕಿದ ಕೂಡ್ಲೆ ಅಜ್ಜಿ ಮುಖ ಕಪ್ಪಾಗ್ತಿದೆ, ದಯವಿಟ್ಟು ನೋಡಿ

ಕಳಸದ ಹುಡುಗ:
ಮೂರು ರಾತ್ರಿಯಿಂದ ಇದೇ ಕೆಲಸ, ತಲೆ ಕೆಟ್ಟುಹೋಗಿದೆ. ಅಜ್ಜೀನ ಜಗಲಿ ಮೇಲೆ ಕೂರಿಸಿ ಬೆಳಗಿನ ಬೆಳಕಲ್ಲಿ ಒಂದು ಫೋಟೋ ತೆಗ್ದೆ. ಚೆನ್ನಾಗಿ ಬಂದಿದೆ. ಹಿಂದುಗಡೆ ಸಪ್ಪೆ ಅನ್ಸಿ, ನಮ್ಮನೆ ಸುಣ್ಣದ ಗೋಡೆ ಫೋಟೋನ ಟೆಕ್ಸ್ಚರ್ ಅಂತ, ಗೋಡೆ ತರಿ ಕಾಣೋ ಹಾಗೆ, ಕಂಪ್ಯೂಟರಲ್ಲಿ ಅದರ ಮೇಲೆ ಇನ್ನೊಂದು ಪದರವಾಗಿ ಹಾಕ್ದೆ. ಹಾಕಿದ ತಕ್ಷಣ ಮುಖ ಅಡುಗೆಮನೆ ಅಟ್ಟದ ಥರ ಮಸಿ ಹಿಡಿದಂಗೆ ಆಗುತ್ತೆ. ಒಪಾಸಿಟಿ (ಪದರದ ದಟ್ಟಣೆ) ಇಳಿಸಿದ್ರೆ ಟೆಕ್ಸ್ಚರೇ ಕಾಣಲ್ಲ. ಮುಂದಿನ ವಾರ 12×18 ಪ್ರಿಂಟ್ ಹಾಕಿಸ್ಬೇಕು.

ಪ್ರೈಮ್ ಪ್ರಿಯ:
ಲೆನ್ಸ್ ಯಾವುದು?

ಕಳಸದ ಹುಡುಗ:
18-55 ಕಿಟ್. ಆದ್ರೆ ಟೆಕ್ಸ್ಚರ್ ಇಲ್ದೆ ಫೋಟೋ ಚೆನ್ನಾಗೇ ಇದೆ ಸರ್.

ಪ್ರೈಮ್ ಪ್ರಿಯ:
ಅಲ್ಲೇ ಇರೋದು ತೊಂದರೆ. 55ರಲ್ಲಿ ಅದರ ಅಪರ್ಚರ್, ಅಂದ್ರೆ ಬೆಳಕು ಬರೋ ಕಿಂಡಿ, f/5.6ಕ್ಕಿಂತ ದೊಡ್ಡದಾಗಿ ತೆರೆಯಲ್ಲ. f/1.8ವರೆಗೆ ತೆರೆಯೋ 50 ಎಂಎಂ ಲೆನ್ಸ್ ತಗೊಳ್ಳಿ, ಹಿನ್ನೆಲೆ ತಾನಾಗೇ ಕರಗುತ್ತೆ, ಟೆಕ್ಸ್ಚರ್ ಬೇಕೇ ಆಗಲ್ಲ. ನಾನು ಈಗ ಹೀಲಿಯೋಸ್ 44-2 ಅನ್ನೋ ಹಳೇ ಲೆನ್ಸ್ ಇಟ್ಕೊಂಡಿದೀನಿ, ಎಲೆಗಳ ಮಧ್ಯೆ ತೆಗೆದ್ರೆ ಹಿಂದುಗಡೆ ಸುಳಿ ಸುಳಿಯಾಗಿ ಬರುತ್ತೆ.

ಹಳೇ ರೋಲ್:
ಅವರ ಕ್ಯಾಮೆರಾ ನಿಕಾನ್ ಡಿಎಸ್‌ಎಲ್‌ಆರ್ ಆಗಿದ್ರೆ ಹೀಲಿಯೋಸ್ ಥರದ ಎಂ42 ಲೆನ್ಸ್ (ಸ್ಕ್ರೂ ಥರ ತಿರುಗಿಸಿ ಕೂರಿಸೋದು) ಶಿಫಾರಸು ಮಾಡ್ಬೇಡಿ. ಅಡಾಪ್ಟರಲ್ಲಿ ಗಾಜಿಲ್ಲದೇ ಇದ್ರೆ ಇನ್ಫಿನಿಟಿ ಫೋಕಸ್ ಸಿಗಲ್ಲ, ಅಂದ್ರೆ ತುಂಬ ದೂರದ್ದು ಸ್ಪಷ್ಟವಾಗಿ ಬರಲ್ಲ.

ಪ್ರೈಮ್ ಪ್ರಿಯ:
ಅಜ್ಜಿ ಕೂತಿರೋದು ಐದಡಿ ದೂರದಲ್ಲಿ. ಇನ್ಫಿನಿಟಿ ಯಾಕೆ ಬೇಕು?

ಹಳೇ ರೋಲ್:
ಲೆನ್ಸ್ ತಗೊಂಡ ಮೇಲೆ ಬರೀ ಅಜ್ಜೀನೇ ತೆಗೀತಾರಾ? ನಾಳೆ ಕುದುರೆಮುಖ ಹತ್ತಿ ಬೆಟ್ಟದ ಸಾಲು ತೆಗೀಬೇಕು ಅನ್ಸಿದ್ರೆ?

ನೆರಳು ಬೆಳಕು:
ಲೆನ್ಸ್ ಮಾತು ಪಕ್ಕಕ್ಕಿಡಿ. ಬ್ಲೆಂಡ್ ಮೋಡ್, ಅಂದ್ರೆ ಮೇಲಿನ ಪದರ ಕೆಳಗಿನದರ ಜೊತೆ ಬೆರೆಯೋ ರೀತಿ, ಯಾವುದು ಅಂತ ಯಾರೂ ಕೇಳೇ ಇಲ್ವಲ್ಲ?

ಕಳಸದ ಹುಡುಗ:
ಮಲ್ಟಿಪ್ಲೈ. ಎಲ್ರೂ ಅದನ್ನೇ ಹಾಕೋದಲ್ವಾ, ಅದಕ್ಕೆ ಹೇಳ್ಲಿಲ್ಲ.

ನೆರಳು ಬೆಳಕು:
ಸಿಕ್ತು. ಮಲ್ಟಿಪ್ಲೈನಲ್ಲಿ ಅಚ್ಚ ಬಿಳಿ ಮಾತ್ರ ಕೆಳಗಿನ ಫೋಟೋನ ಹಾಗೇ ಬಿಡುತ್ತೆ, ಬೇರೆ ಏನಿದ್ರೂ ಕಪ್ಪು ಮಾಡುತ್ತೆ. ಸುಣ್ಣದ ಗೋಡೆ ಕಣ್ಣಿಗೆ ಬಿಳಿ. ಆದ್ರೆ ಫ್ರೇಮ್ ತುಂಬ ಬಿಳಿ ಇದ್ರೆ ಕ್ಯಾಮೆರಾ ಮೀಟರ್ ಅದನ್ನ ಬೂದು ಮಾಡಿ ತೆಗೆಯುತ್ತೆ. 0 ಕಪ್ಪು, 255 ಬಿಳಿ ಅನ್ನೋ ಅಳತೆಯಲ್ಲಿ ನಡುವಿನ 128ರ ಬೂದು ಮಲ್ಟಿಪ್ಲೈ ಆದ್ರೆ ಮುಖದ ಬೆಳಕು ಅರ್ಧಕ್ಕರ್ಧ ಹೋಯ್ತು. ಸಾಫ್ಟ್ ಲೈಟ್‌ಗೆ ಬದಲಾಯಿಸಿ. ಅಲ್ಲಿ 128 ಅಂದ್ರೆ ತಟಸ್ಥ, ಅದಕ್ಕಿಂತ ಮೇಲಿದ್ರೆ ಬೆಳಗುತ್ತೆ, ಕೆಳಗಿದ್ರೆ ಕಪ್ಪಾಗುತ್ತೆ.

ಕಳಸದ ಹುಡುಗ:
ಮುಖ ವಾಪಸ್ ಬಂತು! ಆದ್ರೆ ಎಡಗಡೆ ಹಳದಿ, ಬಲಗಡೆ ಮೂಲೆ ಕಪ್ಪು. ಗೋಡೆ ಫೋಟೋ ರಾತ್ರಿ ಬಲ್ಬ್ ಬೆಳಕಲ್ಲಿ ತೆಗ್ದಿದ್ದು.

ನೆರಳು ಬೆಳಕು:
ಟೆಕ್ಸ್ಚರ್ ಪದರನ ಡೀಸ್ಯಾಚುರೇಟ್ ಮಾಡಿ, ಅಂದ್ರೆ ಬಣ್ಣ ತೆಗೀರಿ, ಫೋಟೋಶಾಪಲ್ಲಿ ಕಂಟ್ರೋಲ್ ಶಿಫ್ಟ್ ಯು. ಆಮೇಲೆ ಹೈ ಪಾಸ್ ಫಿಲ್ಟರ್, ಅದು ಬೆಳಕಿನ ಏರಿಳಿತ ತೆಗೆದು ತರಿ ಮಾತ್ರ ಉಳಿಸುತ್ತೆ.

ಕಳಸದ ಹುಡುಗ:
ಆ ಕೀ ಒತ್ತಿದ್ರೆ ಬಣ್ಣ ಹೋಗ್ತಿಲ್ಲ, ಹೈ ಪಾಸ್ ಅನ್ನೋದೇ ಇಲ್ಲ. ನಂದು ಫೋಟೋಶಾಪ್ ಅಲ್ಲ, ಗಿಂಪ್ 2.8, ಪುಕ್ಕಟೆ ಸಿಗೋ ಎಡಿಟರ್.

ಹಳೇ ರೋಲ್:
ಇದನ್ನ ಮೊದಲನೇ ಸಾಲಲ್ಲೇ ಹೇಳ್ಬೇಕಿತ್ತಲ್ಲ ಮಾರಾಯ್ರೆ. 2.8ರಲ್ಲಿ ಓವರ್‌ಲೇ ಅನ್ನೋ ಇನ್ನೊಂದು ಬ್ಲೆಂಡ್ ಮೋಡ್ ಕೂಡ ಸಾಫ್ಟ್ ಲೈಟ್ ಥರಾನೇ ಕೆಲಸ ಮಾಡುತ್ತೆ, ಆ ದೋಷ 2.10ರಲ್ಲಿ ಸರಿಯಾಯ್ತು. ಹೈ ಪಾಸ್ ಬಂದಿದ್ದೂ ಅದ್ರಲ್ಲೇ.

ಕಳಸದ ಹುಡುಗ:
ನನ್ನ ಕಂಪ್ಯೂಟರ್ ತುಂಬ ಹಳೇದು, ಹೊಸದು ಎಳೆಯಲ್ಲ.

ನೆರಳು ಬೆಳಕು:
ಪರವಾಗಿಲ್ಲ, 2.8ರಲ್ಲೇ ಆಗುತ್ತೆ. ಗೋಡೆ ಫೋಟೋನ ಬೇರೆ ಕಡತವಾಗಿ ತೆರೆದು ಬಣ್ಣ ತೆಗೀರಿ. ಪದರದ ನಕಲು ಮಾಡಿ, ಮೇಲಿನದಕ್ಕೆ ಗಾಸಿಯನ್ ಬ್ಲರ್ (ಮಸುಕು ಮಾಡೋ ಫಿಲ್ಟರ್) ಜೋರಾಗಿ ಕೊಡಿ, ಬಿರುಕು ಒಂದೂ ಕಾಣಬಾರದು, ಬೆಳಕಿನ ಏರಿಳಿತ ಮಾತ್ರ ಉಳೀಬೇಕು. ಅದರ ಮೋಡ್ ಗ್ರೇನ್ ಎಕ್ಸ್‌ಟ್ರಾಕ್ಟ್. ಅದು ಕೆಳಗಿನದರಿಂದ ಮೇಲಿನದನ್ನ ಕಳೆದು 128 ಕೂಡಿಸುತ್ತೆ, ಅಂದ್ರೆ ಕಪ್ಪು ಮೂಲೆ ಹೋಗಿ ಗೋಡೆಯ ತರಿ ಮಾತ್ರ ನಿಲ್ಲುತ್ತೆ. ಫ್ಲಾಟನ್ ಮಾಡಿ, ಅಂದ್ರೆ ಎರಡೂ ಪದರ ಸೇರಿಸಿ ಒಂದು ಮಾಡಿ, ಅದನ್ನ ತಂದು ಅಜ್ಜಿ ಫೋಟೋ ಮೇಲೆ ಸಾಫ್ಟ್ ಲೈಟಲ್ಲಿ ಇಡಿ.

ಕಳಸದ ಹುಡುಗ:
ಆಯ್ತು ಸರ್, ಮೂಲೆ ಪೂರ್ತಿ ಸರಿಹೋಯ್ತು. ಒಂದು ಬಿರುಕು ಮಾತ್ರ ಮೂಗುಬೊಟ್ಟಿನ ಪಕ್ಕದಿಂದ ಕೆನ್ನೆವರೆಗೆ ಇಳಿದು ಗಾಯದ ಗೆರೆ ಥರ ಕಾಣುತ್ತೆ.

ನೆರಳು ಬೆಳಕು:
ಟೆಕ್ಸ್ಚರ್‌ಗೆ ಲೇಯರ್ ಮಾಸ್ಕ್ ಹಾಕಿ (ಅದರಲ್ಲಿ ಕಪ್ಪು ಬಳಿದ ಕಡೆ ಪದರ ಮರೆಯಾಗುತ್ತೆ), ಮೆತ್ತನೆ ಅಂಚಿನ ಕಪ್ಪು ಬ್ರಷ್ ಒಪಾಸಿಟಿ 30ಕ್ಕಿಟ್ಟು ಮುಖದ ಮೇಲೆ ಎರಡು ಮೂರು ಸಲ ಸವರಿ. ಅಜ್ಜಿ ಮುಖದಲ್ಲಿ ಅವರದೇ ಸುಕ್ಕು ಬೇಕಾದಷ್ಟಿದೆ, ಗೋಡೆಯ ಬಿರುಕು ಅಲ್ಲಿಗೆ ಬೇಡ. ಸೆರಗಿನ ಮೇಲೆ ಸ್ವಲ್ಪ ಉಳಿಸಿ, ಇಲ್ಲಾಂದ್ರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ.

ಕಳಸದ ಹುಡುಗ:
ಈಗ ಸರಿಯಾಗಿದೆ! ಕಣ್ಣ ಪಕ್ಕದ ಗೆರೆ ಒಂದೊಂದೂ ಕಾಣ್ತಿದೆ. ಅಮ್ಮನಿಗೆ ತೋರಿಸ್ದೆ, ಗೋಡೆ ನಮ್ಮನೇದೇ ಅಂತ ಗುರುತು ಹಿಡಿದ್ರು. ತುಂಬಾ ಥ್ಯಾಂಕ್ಸ್ ಸರ್. ಪ್ರಿಂಟಿಗೆ ಮ್ಯಾಟ್ ಕಾಗದ ಒಳ್ಳೇದಾ, ಗ್ಲಾಸಿನಾ?

ಪ್ರೈಮ್ ಪ್ರಿಯ:
ಮುಂದಿನ ಸಲಕ್ಕಾದ್ರೂ 50 ಎಂಎಂ ತಗೊಳ್ಳಿ. ಹೀಲಿಯೋಸಲ್ಲಿ ತೆಗೆದ ನಮ್ಮಪ್ಪನ ಫೋಟೋ ಸಂಜೆ ಹಾಕ್ತೀನಿ.

ಹಳೇ ರೋಲ್:
ಹಾಕಿ, ನೋಡೋಣ. ಅಡಾಪ್ಟರ್ ಯಾವುದು ಅಂತಾನೂ ಬರೀರಿ.