ಇಇಒಸಿ (ಅಮೆರಿಕದಲ್ಲಿ ಕೆಲಸದ ತಾರತಮ್ಯದ ದೂರು ನೋಡೋ ಸರ್ಕಾರಿ ಸಂಸ್ಥೆ) ಮೀಡಿಯೇಶನ್‌ಗೆ (ರಾಜಿ ಮಾತುಕತೆಗೆ) ಏನೇನ್ ತಯಾರಿ ಮಾಡ್ಕೋಬೇಕು? ಹೋಗಿಬಂದೋರು ದಯವಿಟ್ಟು ಹೇಳಿ

ಕೇಳಿದವರು, ಡಲ್ಲಾಸ್:
ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು 150 ಜನ ಇರೋ ಕಂಪನೀಲಿ ಕೆಲಸದಲ್ಲಿದ್ದೆ. ನಂಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲು ಕಾಯಿಲೆ, ಬೆಳಗ್ಗೆ ಹೊತ್ತು ಬೆರಳು ಮಡಚಕ್ಕೇ ಆಗಲ್ಲ. ಒಂದೆರಡು ಗಂಟೆ ಲೇಟಾಗಿ ಶುರು ಮಾಡ್ತೀನಿ, ಮಾತಾಡಿದ್ದನ್ನ ಟೈಪ್ ಮಾಡೋ ಸಾಫ್ಟ್‌ವೇರ್ ಕೊಡಿ ಅಂತ ಕೇಳಿದ್ದೆ. ನೋಡೋಣ ನೋಡೋಣ ಅಂತ ಎಳೆದು, ಆಮೇಲೆ ಪರ್ಫಾರ್ಮೆನ್ಸ್ ಸರಿ ಇಲ್ಲ ಅಂತ ಪಿಐಪಿ (ಇಷ್ಟು ದಿನದಲ್ಲಿ ಸುಧಾರಿಸ್ಕೋಬೇಕು ಅನ್ನೋ ನೋಟಿಸ್) ಹಾಕಿ, ಕೊನೆಗೆ ತೆಗೆದೇಬಿಟ್ರು. ಇಇಒಸಿಲಿ ಚಾರ್ಜ್, ಅಂದ್ರೆ ದೂರು, ಫೈಲ್ ಮಾಡಿದೀನಿ. ಮೀಡಿಯೇಶನ್‌ಗೆ ಕಂಪನಿನೂ ಒಪ್ಪಿದೆ, ಮುಂದಿನ ತಿಂಗಳು ಇದೆ. ಲಾಯರ್ ಇಟ್ಕೊಂಡಿಲ್ಲ. ಅಲ್ಲಿ ಏನಾಗತ್ತೆ, ಏನ್ ತಗೊಂಡು ಹೋಗ್ಬೇಕು, ಎಷ್ಟು ಕೇಳ್ಬೇಕು ಒಂದೂ ಗೊತ್ತಾಗ್ತಿಲ್ಲ.

ತುಂಗಾತೀರ:
ಅಕ್ಕಾ, ಮೊದಲು ಧೈರ್ಯ ತಗೊಳ್ಳಿ. ನಂದು ಕಣ್ಣಿನ ತೊಂದರೆ, ಸ್ಕ್ರೀನ್ ದೊಡ್ಡದು ಮಾಡೋ ಸಾಫ್ಟ್‌ವೇರ್ ವಿಷ್ಯದಲ್ಲೇ ಜಗಳ ಆಗಿದ್ದು, ಇದೇ ದಾರೀಲಿ ಹೋಗಿಬಂದೆ. ಮೀಡಿಯೇಟರ್ ಅಂದ್ರೆ ಜಡ್ಜ್ ಅಲ್ಲ, ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡಲ್ಲ. ಇದನ್ನ ಮನಸ್ಸಲ್ಲಿ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ಹೆಚ್ಚಿನವರು ಆಗಿದ್ದೆಲ್ಲ ಹೇಳಿ ಅವರ ಬಾಯಿಂದ "ನಿಮಗೆ ಅನ್ಯಾಯ ಆಗಿದೆ" ಅನ್ನಿಸ್ಕೋಬೇಕು ಅಂತ ಹೋಗ್ತಾರೆ, ಅದು ಸಿಗಲ್ಲ, ಅರ್ಧ ದಿನ ಅದ್ರಲ್ಲೇ ಹೋಗತ್ತೆ. ಇದಕ್ಕೆ ಫೀಸ್ ಇಲ್ಲ, ಸಾಮಾನ್ಯವಾಗಿ 3-4 ಗಂಟೆ, ಈಗ ಜಾಸ್ತಿ ವಿಡಿಯೋದಲ್ಲೇ ನಡೆಯತ್ತೆ. ಅಲ್ಲಿ ಆಡಿದ ಮಾತು ಗುಟ್ಟಾಗಿರತ್ತೆ, ರೆಕಾರ್ಡ್ ಮಾಡಲ್ಲ, ತನಿಖೆ ಮಾಡೋರಿಗೆ ಹೋಗಲ್ಲ. ಒಪ್ಪಂದ ಆಗ್ಲಿಲ್ಲ ಅಂದ್ರೆ ಚಾರ್ಜ್ ಸಾಯಲ್ಲ, ಮಾಮೂಲಿ ತನಿಖೆಗೆ ಹೋಗತ್ತೆ. ಹಾಗಾಗಿ ಅವತ್ತೇ ಮುಗಿಸ್ಲೇಬೇಕು ಅನ್ನೋ ಒತ್ತಡ ನಿಮ್ಮ ಮೇಲಿಲ್ಲ.

ಪೇಪರ್ ವಿಷ್ಯ. ಒಂದೇ ಒಂದು ಪುಟದಲ್ಲಿ ತಾರೀಖು ಪ್ರಕಾರ ಬರೀರಿ, ಯಾವತ್ತು ಕೇಳಿದೆ, ಯಾರಿಗೆ ಮೇಲ್ ಹಾಕಿದೆ, ಏನ್ ಉತ್ತರ ಬಂತು, ಪಿಐಪಿ ಯಾವತ್ತು, ತೆಗೆದದ್ದು ಯಾವತ್ತು. ನೀವು ಕೇಳೋಕೆ ಮುಂಚಿನ ಅಪ್ರೈಸಲ್ ಚೆನ್ನಾಗಿದ್ದು, ಕೇಳಿದ ಮೇಲೆ ತಟ್ಟನೆ ಕೆಟ್ಟದಾಗಿದ್ರೆ ಆ ಎರಡು ತಾರೀಖು ಅಕ್ಕಪಕ್ಕ ಇಡಿ, ಅದೇ ನಿಮ್ಮ ಜೀವಾಳ. ಡಾಕ್ಟರ್ ಹತ್ರ ಒಂದು ಲೆಟರ್ ಸಾಕು, ಕೈಯಲ್ಲಿ ಏನ್ ಮಾಡಕ್ಕಾಗಲ್ಲ, ಏನ್ ಕೊಟ್ರೆ ಕೆಲಸ ಮಾಡಬಹುದು ಅಂತ. ಪೂರ್ತಿ ಮೆಡಿಕಲ್ ಫೈಲ್ ಅವರ ಮುಂದೆ ಹರಡಬೇಡಿ.

ನಮ್ಮದ್ರಲ್ಲಿ ಶುರುವಲ್ಲಿ ಎಲ್ರೂ ಒಟ್ಟಿಗೆ ಕೂತಿದ್ವಿ, ಆಮೇಲೆ ನನ್ನ ಒಂದು ಕಡೆ ಅವರನ್ನ ಇನ್ನೊಂದು ಕಡೆ ಹಾಕಿ ಮೀಡಿಯೇಟರ್ ಓಡಾಡ್ತಿದ್ರು. ಅವರ ಮೊದಲ ಆಫರ್ ಎರಡು ವಾರದ ಸಂಬಳ. ಕೇಳಿ ಕಿವಿ ಬಿಸಿ ಆಯ್ತು, ಎದ್ದು ಹೋಗಿಬಿಡೋಣ ಅನ್ನಿಸ್ತು. ನನ್ನ ಹೆಂಡ್ತಿ ಮುಂಚೇನೇ ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ಳು, ಹೋದ ಸಂಬಳ, ಬೋನಸ್, 401ಕೆ ಮ್ಯಾಚ್ (ನಿವೃತ್ತಿ ಉಳಿತಾಯಕ್ಕೆ ಕಂಪನಿ ಹಾಕೋ ಪಾಲು), ಇನ್ಶೂರೆನ್ಸ್‌ಗೆ ಕೈಯಿಂದ ಕಟ್ಟಿದ್ದು, ತಿಂಗಳು ತಿಂಗಳಿಗೆ. ಅದನ್ನ ಮೀಡಿಯೇಟರ್ ಕೈಗೆ ಕೊಟ್ಟೆ. ಅವರು ಒಂದೊಂದು ಸಾಲೂ ಬೆರಳಿಟ್ಟು ಓದಿ, "ಇದನ್ನ ಅವರಿಗೆ ತೋರಿಸಬಹುದಾ" ಅಂದ್ರು. ವಾಪಸ್ ಬರೋಕೆ ತುಂಬ ಹೊತ್ತಾಯ್ತು, ಬಂದಾಗ ಅಂಕಿ ಬದಲಾಗಿತ್ತು. ಕೋಪದಿಂದ ಅಲುಗಾಡದ ಅಂಕಿ ಲೆಕ್ಕದಿಂದ ಅಲುಗಾಡ್ತು.

ಎಷ್ಟು ಕೇಳ್ಬೇಕು ಅಂದ್ರಲ್ಲ, ಎಡಿಎ (ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನು) ಕೇಸ್‌ಗಳಲ್ಲಿ ಮಾನಸಿಕ ನೋವಿನ ಪರಿಹಾರ ಮತ್ತೆ ಕಂಪನಿಗೆ ಹಾಕೋ ದಂಡ ಎರಡೂ ಸೇರಿ ಫೆಡರಲ್ ಕಾನೂನಲ್ಲಿ ಮಿತಿ ಇದೆ, 101ರಿಂದ 200 ಜನರ ಕಂಪನಿಗೆ 1,00,000 ಡಾಲರ್. ಹೋದ ಸಂಬಳ ಆ ಮಿತಿ ಒಳಗೆ ಬರಲ್ಲ, ಅದು ಬೇರೆ ಲೆಕ್ಕ. ಮೂರು ಅಂಕಿ ಮನೇಲೇ ಬರ್ಕೊಂಡು ಹೋಗಿ, ಮೊದಲು ಕೇಳೋದು, ಸಿಕ್ರೆ ಸಮಾಧಾನ ಅನ್ನೋದು, ಇದಕ್ಕಿಂತ ಕೆಳಗೆ ಬೇಡವೇ ಬೇಡ ಅನ್ನೋದು. ಮೂರನೇದನ್ನ ಯಾರಿಗೂ ಹೇಳ್ಬೇಡಿ.

ಎಚ್ಆರ್‌ನಲ್ಲಿರೋ ಕನ್ನಡಿಗ:
ನಾನು ಲಾಯರ್ ಅಲ್ಲ ಮೇಡಂ, ಆದ್ರೆ ಟೇಬಲ್ಲಿನ ಆ ಕಡೆ ಕೂತಿದೀನಿ. ದುಡ್ಡಿನ ವಿಷ್ಯದಲ್ಲಿ ಕಂಪನಿ ಬಿಗಿ ಹಿಡಿಯತ್ತೆ, ಆದ್ರೆ ಅದಕ್ಕೆ ಖರ್ಚೇ ಇಲ್ಲದ ಕೆಲವು ಇವೆ, ನಿಮಗೆ ಅವು ಬಹಳ ಬೆಲೆಬಾಳೋವು. ಟರ್ಮಿನೇಶನ್ ಬದಲು ರಾಜೀನಾಮೆ ಅಂತ ದಾಖಲೆ, ಪಿಐಪಿ ಫೈಲಿಂದ ತೆಗೆಯೋದು, ಮುಂದೆ ಯಾರಾದ್ರೂ ರೆಫರೆನ್ಸ್ ಕೇಳಿದ್ರೆ ಹುದ್ದೆ ಮತ್ತೆ ತಾರೀಖು ಮಾತ್ರ ಹೇಳೋದು. ಕೋಬ್ರಾ (ಕೆಲಸ ಹೋದ ಮೇಲೂ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಮುಂದುವರಿಸೋ ವ್ಯವಸ್ಥೆ) ಪ್ರೀಮಿಯಂ ಕೆಲವು ತಿಂಗಳು ಅವರೇ ಕಟ್ಟಲಿ ಅಂತಲೂ ಕೇಳಿ, ನಿಮ್ಮ ಕಾಯಿಲೆಯ ಇಂಜೆಕ್ಷನ್ ರೇಟ್ ನಿಮಗೇ ಗೊತ್ತು. ಬರೋ ಪ್ರತಿನಿಧಿಗೆ ಸೆಟಲ್ ಮಾಡೋ ಅಧಿಕಾರ ಇದೆಯಾ ಅಂತ ಮೀಡಿಯೇಟರ್ ಹತ್ರ ಮುಂಚೆನೇ ಕನ್ಫರ್ಮ್ ಮಾಡ್ಕೊಳ್ಳಿ, "ಬಾಸ್‌ನ ಕೇಳಿ ಹೇಳ್ತೀವಿ" ಅನ್ನೋರು ಬಂದ್ರೆ ದಿನ ದಂಡ.

ಇನ್ನೊಂದು, ನೀವು ಶಾರ್ಟ್ ಟರ್ಮ್ ಡಿಸೆಬಿಲಿಟಿ ಫಾರ್ಮ್ (ಕಾಯಿಲೆಯಿಂದ ಕೆಲಸ ಮಾಡಕ್ಕಾಗದಾಗ ಸಿಗೋ ಹಣಕ್ಕೆ ಅರ್ಜಿ) ಎಲ್ಲಾದ್ರೂ ತುಂಬಿದ್ರಾ? ಅದ್ರಲ್ಲಿ "ಯಾವ ಕೆಲಸವೂ ಮಾಡಕ್ಕಾಗಲ್ಲ" ಅಂತಿದ್ರೆ ಅವರ ಲಾಯರ್ ಅದನ್ನೇ ಎತ್ತಿ ಹಿಡೀತಾರೆ. "ಅವಾಗ ನಾನು ಕೇಳಿದ ಅನುಕೂಲ ಕೊಟ್ಟಿರ್ಲಿಲ್ಲ, ಕೊಟ್ಟಿದ್ರೆ ಮಾಡ್ತಿದ್ದೆ" ಅನ್ನೋ ನಿಜವಾದ ಉತ್ತರ ರೆಡಿ ಇರ್ಲಿ. ಮತ್ತೆ ಕೆಲಸ ಹುಡುಕ್ತಿರೋದಕ್ಕೆ ಪುರಾವೆ ಇಟ್ಕೊಳ್ಳಿ, ಅಪ್ಲೈ ಮಾಡಿದ ಮೇಲ್‌ಗಳು ಸಾಕು, ಹುಡುಕ್ಲೇ ಇಲ್ಲ ಅಂತ ಹೋದ ಸಂಬಳಕ್ಕೆ ಕತ್ತರಿ ಹಾಕಕ್ಕೆ ನೋಡ್ತಾರೆ.

ಕೇಳಿದವರು:
ತುಂಬ ಥ್ಯಾಂಕ್ಸ್ ಎಲ್ರಿಗೂ. ಎಚ್-1ಬಿ ಅನ್ನೋ ಕೆಲಸದ ವೀಸಾಲಿ ಇದ್ದೆ, ಕೆಲಸ ಹೋದ 60 ದಿನದೊಳಗೆ ನಮ್ಮೆಜಮಾನ್ರ ಮೇಲೆ ಎಚ್-4ಗೆ (ಅವಲಂಬಿತರ ವೀಸಾ) ಅಪ್ಲೈ ಮಾಡಿದೆ. ವೀಸಾ ಮೇಲಿರೋರಿಗೆ ಈ ಹಕ್ಕೆಲ್ಲ ಇದೆಯಾ?

ನ್ಯೂಜೆರ್ಸಿ ಗೌಡ್ರು:
ಇದೆ ತಾಯಿ, ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ, ಕಂಪನೀಲಿ 15 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಎಡಿಎ ಬರತ್ತೆ. ಆದ್ರೆ ಎಚ್-4ನಲ್ಲಿ ಇಎಡಿ (ಕೆಲಸದ ಪರ್ಮಿಟ್) ಇಲ್ದೆ ಕೆಲಸ ಮಾಡಕ್ಕಾಗಲ್ಲ, ಆ ಅವಧಿಯ ಸಂಬಳ ಯಾಕೆ ಕೊಡ್ಬೇಕು ಅಂತ ಅವರು ತಕರಾರು ತೆಗೀಬಹುದು. ಇದೊಂದಕ್ಕೆ ಲಾಯರ್ ಹತ್ರ ಒಂದು ಗಂಟೆ ಮಾತಾಡಿ. ಪೂರ್ತಿ ಕೇಸ್ ಕೊಡ್ಬೇಕು ಅಂತಿಲ್ಲ, ತಯಾರಿಗೆ ಅಂತಲೇ ಗಂಟೆ ಲೆಕ್ಕದಲ್ಲಿ ನೋಡೋರಿದ್ದಾರೆ. ಅಂಗವಿಕಲರಿಗೆ ಕಾನೂನು ನೆರವು ಕೊಡೋ ಡಿಸೆಬಿಲಿಟಿ ರೈಟ್ಸ್ ಟೆಕ್ಸಾಸ್‌ಗೂ ಒಂದು ಫೋನ್ ಮಾಡಿ ನೋಡಿ. ನೀವು ಕೇಳಿದ್ದು ಅತಿ ಏನಲ್ಲ ಅಂತ ತೋರಿಸಕ್ಕೆ ಜಾಬ್ ಅಕಾಮಡೇಶನ್ ನೆಟ್‌ವರ್ಕ್ (ಕೆಲಸದ ಜಾಗದ ಅನುಕೂಲಗಳ ಬಗ್ಗೆ ಸಲಹೆ ಕೊಡೋ ಸಂಸ್ಥೆ) ವೆಬ್‌ಸೈಟಲ್ಲಿ ಆರ್ಥ್ರೈಟಿಸ್‌ಗೆ ಅಂತ ಪುಟಾನೇ ಇದೆ, ಪ್ರಿಂಟ್ ತಗೊಂಡೋಗಿ.

ಶಿರಸಿ ಹುಡ್ಗಿ:
ನಮ್ಮನೆಯವ್ರಿಗೆ ಕಿವಿ ಕೇಳಲ್ಲ, ಮೀಡಿಯೇಶನ್‌ಗೆ ಕ್ಯಾಪ್ಶನ್ ಬೇಕು ಅಂತ ಮುಂಚೇನೇ ಬರೆದು ಕೇಳಿದ್ವಿ, ವ್ಯವಸ್ಥೆ ಮಾಡಿದ್ರು. ಅಕ್ಕಾ ನಿಮಗೆ ಬೆಳಗ್ಗೆ ಕಷ್ಟ ಅಂದ್ರಲ್ಲ, ಮಧ್ಯಾಹ್ನದ ಹೊತ್ತು ಕೊಡಿ, ನಡುನಡುವೆ ಬ್ರೇಕ್ ಬೇಕು ಅಂತ ಇವತ್ತೇ ಮೇಲ್ ಹಾಕಿ. ನೋವಿನಲ್ಲಿ ಕೂತ್ರೆ ಸಂಜೆ ಹೊತ್ತಿಗೆ ಏನಾದ್ರೂ ಆಗ್ಲಿ ಮುಗೀಲಿ ಅನ್ನಿಸಿ ಕಮ್ಮಿಗೇ ಒಪ್ಕೊಂಡುಬಿಡ್ತೀವಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಸೈನ್ ಮಾಡೋ ಮುಂಚೆ ರಿಲೀಸ್ ಅನ್ನೋ ಭಾಗ ನಿಧಾನಕ್ಕೆ ಓದಿ, ಏನೇನ್ ಹಕ್ಕು ಬಿಟ್ಕೊಡ್ತಿದೀರ ಅಂತ ಅಲ್ಲಿರತ್ತೆ. ಮತ್ತೆ ಆ ಕಂಪನಿಗೆ ಅಪ್ಲೈ ಮಾಡಂಗಿಲ್ಲ ಅನ್ನೋ ಸಾಲು ಸುಮಾರು ಜನರ ಒಪ್ಪಂದದಲ್ಲಿ ಇರತ್ತೆ. ವಯಸ್ಸು 40 ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದು, ವಯಸ್ಸಿಗೆ ಸಂಬಂಧಪಟ್ಟ ಹಕ್ಕೂ ಆ ರಿಲೀಸಲ್ಲಿ ಸೇರಿದ್ರೆ ಓದಕ್ಕೆ 21 ದಿನ, ಸೈನ್ ಆದ್ಮೇಲೂ ವಾಪಸ್ ತಗೊಳ್ಳಕ್ಕೆ 7 ದಿನ ಕಾನೂನೇ ಕೊಡತ್ತೆ. ದುಡ್ಡಲ್ಲಿ ಎಷ್ಟು ಡಬ್ಲ್ಯೂ-2 (ಸಂಬಳದ ಟ್ಯಾಕ್ಸ್ ಫಾರ್ಮ್) ಮೇಲೆ, ಎಷ್ಟು 1099 (ಸಂಬಳವಲ್ಲದ ಹಣದ ಟ್ಯಾಕ್ಸ್ ಫಾರ್ಮ್) ಮೇಲೆ, ಯಾವ ತಾರೀಖೊಳಗೆ ಬರತ್ತೆ ಅಂತ ಒಪ್ಪಂದದಲ್ಲೇ ಬರೆಸಿ. ಎರಡಕ್ಕೂ ಟ್ಯಾಕ್ಸ್ ಇದೆ, 1099ರದ್ದು ಅವರು ಹಿಡ್ಕೊಳ್ಳಲ್ಲ, ನಾವೇ ಕಟ್ಬೇಕು, ಅದನ್ನ ತೆಗೆದಿಟ್ಟೇ ಉಳಿದಿದ್ದು ಖರ್ಚು ಮಾಡಿ.