ಅಪ್‌ಡೇಟ್: ಸ್ಕಸಿ 160, ಲಿಂಕ್ 155, ಆದರೂ ಕಾಪಿ ಯಾಕೆ ನಿಧಾನ?

ಹೋದ ವಾರ ಕೇಳಿದ್ದೆನಲ್ಲ, ಜಯನಗರದ ಆಫೀಸಿನ ಹಳೇ ಅಲ್ಟ್ರಾ160 ಸ್ಕಸಿ (ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸೋ ಒಂದು ಬಗೆ) ಸರ್ವರ್‌ನಿಂದ ಪೀಣ್ಯಕ್ಕೆ ಎಸ್‌ಟಿಎಂ-1 ಅನ್ನೋ ಟೆಲಿಕಾಂ ದರ್ಜೆಯ ಫೈಬರ್ ಲಿಂಕ್‌ನಲ್ಲಿ 200 ಜಿಬಿ ಕಳಿಸಬೇಕು, ನನ್ನ ಲೆಕ್ಕದಲ್ಲಿ 21 ನಿಮಿಷದಲ್ಲಿ ಮುಗಿಯಬೇಕಾದ್ದು ಮುಗೀತಾನೇ ಇಲ್ಲ ಅಂತ. ಗೊತ್ತಾಯ್ತು. ತಪ್ಪು ನನ್ನದೇ.

ಟರ್ಮಿನೇಟರ್ (ಸ್ಕಸಿ ಕೇಬಲ್‌ನ ತುದಿಗೆ ಹಾಕೋ ಪುಟ್ಟ ಭಾಗ) ಬದಲಿಸಿ ಅಂದವರ ಮಾತು ಕೇಳಿ ಬಿಸಿಲಲ್ಲಿ ಎಸ್‌ಪಿ ರೋಡೆಲ್ಲ ಸುತ್ತಿ ಒಂದು ತಂದೆ, ಏನೂ ಬದಲಾಗಲಿಲ್ಲ. ಕೇಬಲ್ ಬದಲಿಸಿದ್ದೂ ದಂಡ.

"ಮೊದಲು ಬಿಟ್ಟಾ ಬೈಟಾ ನೋಡಿ" ಅಂತ ಒಂದೇ ಸಾಲು ಬರೆದವರು ಸರಿಯಾಗಿ ಹಿಡಿದಿದ್ದರು. ಸ್ಕಸಿಯ 160 ಅಂದರೆ ಸೆಕೆಂಡಿಗೆ 160 ಮೆಗಾಬೈಟ್. ಎಸ್‌ಟಿಎಂ-1ರ 155.52 ಮೆಗಾಬಿಟ್, ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 8ರಿಂದ ಭಾಗಿಸಿದರೆ ಬರೀ 19.44 ಮೆಗಾಬೈಟ್! ಎರಡನ್ನೂ ಪಕ್ಕಪಕ್ಕ ಇಟ್ಟು ಹೆಚ್ಚುಕಮ್ಮಿ ಒಂದೇ ಅಲ್ವಾ ಅಂದುಕೊಂಡಿದ್ದೆ.

ನನಗೆ ಗೊತ್ತೇ ಇಲ್ಲದ ಇನ್ನೊಂದು ವಿಷಯ: ಆ 155.52 ಕೂಡ ಪೂರ್ತಿ ನಮಗೆ ಸಿಗಲ್ಲ. ಲಿಂಕ್ ಡೇಟಾ ಕಳಿಸೋದು ಫ್ರೇಮ್ ಅನ್ನೋ ಕಂತುಗಳಲ್ಲಿ, ಒಂದೊಂದು ಫ್ರೇಮ್‌ನಲ್ಲಿ 270 ಕಾಲಂ ಇರುತ್ತೆ, ಅದರಲ್ಲಿ 10 ಲಿಂಕ್‌ನ ಸ್ವಂತ ಖರ್ಚಿಗೇ ಹೋಗುತ್ತೆ, ಉಳಿಯೋದು 149.76 ಮೆಗಾಬಿಟ್, ಅಂದರೆ 18.72 ಮೆಗಾಬೈಟ್, ಅದರ ಮೇಲೆ ಐಪಿ, ಟಿಸಿಪಿ ಹೆಡರ್‌ಗಳ (ಡೇಟಾದ ಪ್ರತಿ ತುಂಡಿಗೂ ಅಂಟಿಸೋ ವಿಳಾಸದ ಚೀಟಿಯಂಥವು) ಪಾಲು ಬೇರೆ. ನನಗೆ ಸಿಗುತ್ತಿದ್ದದ್ದು 17 ಮೆಗಾಬೈಟ್. ಲಿಂಕ್ ಚೆನ್ನಾಗೇ ಇತ್ತು, ಸುಮ್ನೆ ಬೈದೆ.

ಶನಿವಾರ ಕಾಪಿ ಹಚ್ಚಿ ಊಟಕ್ಕೆ ಹೋದೆ. ಮೂರೂಕಾಲು ಗಂಟೆಯಲ್ಲಿ ಮುಗಿಯಿತು. ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಹಸಿರು ಮೆಟ್ರೋ ಹತ್ತಿ ಅಂತ ತಮಾಷೆ ಮಾಡಿದ್ದರಲ್ಲ, ಲೆಕ್ಕ ಹಾಕಿದರೆ ಅದೇ ಬೇಗ ಆಗ್ತಿತ್ತೇನೋ. ಟರ್ಮಿನೇಟರ್ ಯಾರಿಗಾದರೂ ಬೇಕಾ?